ಕುರ್ಚಿಗಳು ಮನೆಗೆ ಬರುವ ಹೊತ್ತು

ನಮ್ಮೂರಿನಲ್ಲಿ ದನಗಳು ಮನೆಗೆ ಬರುವ ಹೊತ್ತಿಗೇ ಕುರ್ಚಿಗಳೂ ಬರುತ್ತವೆ. ದನಗಳು ಕೊಟ್ಟಿಗೆಗೆ ಹೋಗುತ್ತವೆ, ಕುರ್ಚಿಗಳು ತಮ್ಮನ್ನು ಮಾಡಿದ ಬಡಿಗರ ಮನೆಗೆ ಹೋಗುತ್ತವೆ, ಅಷ್ಟೇ ವ್ಯತ್ಯಾಸ. ಕಾಲು ಮುರಿದ ಮಂಚ, ಬೆನ್ನು ಸೀಳಿದ ಬೆಂಚು, ಯಾರಿಗೂ ಬೇಡವಾಗಿ ಮೂಲೆ ಸೇರಿದ ಮಣೆ, ಯಾವುದೇ ಇರಲಿ, ಇದ್ದ ಮನೆಯಲ್ಲಿ ಇನ್ನು ತನಗೆ ಜಾಗವಿಲ್ಲ ಎಂದು ಖಾತ್ರಿಯಾದ ದಿನ ಸಂಜೆ ಎದ್ದು ಹೊರಟುಬಿಡುತ್ತದೆ. ಬೀದಿಯಲ್ಲಿ ಎದುರಾದರೆ ನಾವು ಪಕ್ಕಕ್ಕೆ ಸರಿದು ದಾರಿ ಬಿಡುತ್ತೇವೆ. ಮುದಿ ಮಂಚವೊಂದು ಏರು ಹತ್ತಲಾರದೆ ನಿಂತಿದ್ದರೆ ಹೋಗುವವರು ಯಾರಾದರೂ ಹಿಂದಿನಿಂದ ಕೈ ಕೊಡುತ್ತಾರೆ. ಲಟ್ಟಣಿಗೆ, ಒನಕೆಯಂಥ ಕಾಲಿಲ್ಲದವು ಉರುಳಿಕೊಂಡು ಬರುತ್ತವೆ, ಅವನ್ನು ಕಂಡರೆ ಮಾತ್ರ ನಾಯಿಗಳಿಗೆ ಆಗುವುದಿಲ್ಲ. ಪರಊರಿನ ನೆಂಟರು ಇದನ್ನೆಲ್ಲ ನೋಡಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಹಾಗಾದರೆ ನಿಮ್ಮೂರಲ್ಲಿ ಮುರಿದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ನಾವು ತಿರುಗಿ ಕೇಳಿದರೆ ಅವರು ಮಾತನ್ನು ಮಳೆ ಬೆಳೆಯ ಕಡೆ ತಿರುಗಿಸುತ್ತಾರೆ.

ಮನೆಯ ಗುರುತು ಅವಕ್ಕೆ ಸಿಗುವುದು ಅಂಗೈಯಿಂದ. ಕೆಲಸ ಮುಗಿದ ಮೇಲೆ ಬಡಿಗ ತನ್ನ ಅಂಗೈಗೆ ಎಣ್ಣೆ ಹಚ್ಚಿಕೊಂಡು ವಸ್ತುವಿನ ಅಡಿಗೆ ಒಮ್ಮೆ ಒತ್ತುತ್ತಾನೆ. ಅಷ್ಟಾದರೆ ಅದು ಎಷ್ಟು ಕಾಲ ಎಲ್ಲಿದ್ದರೂ ಆ ಕೈಯನ್ನು ಮರೆಯುವುದಿಲ್ಲ. ಹಾಗೆ ಬಂದದ್ದನ್ನು ಸುಡುವ ಹಾಗಿಲ್ಲ, ಇನ್ನೊಬ್ಬರ ತಲೆಗೆ ಕಟ್ಟುವ ಹಾಗಿಲ್ಲ, ಹಿಂದಕ್ಕೆ ಅಟ್ಟುವ ಹಾಗಂತೂ ಇಲ್ಲವೇ ಇಲ್ಲ. ಮಾಡಿದವನು ಇನ್ನೊಂದು ರೂಪ ಕೊಡುವ ತನಕ ಅದು ಅವನ ಅಂಗಳದಲ್ಲಿ ನಿಂತಿರುತ್ತದೆ. ಬಂದು ನಿಂತವುಗಳ ಗುಂಪು ಬೆಳೆಯುತ್ತ ಬೆಳೆಯುತ್ತ ಮನೆಯ ಹೊಸ್ತಿಲು ಮುಟ್ಟಿದರೆ ಆ ಮನೆಯವರು ಉಳಿ ಒಪ್ಪಿಸಬೇಕು. ಅಂದರೆ ಮನೆಯ ದೊಡ್ಡ ಉಳಿಯನ್ನು ತೆಗೆದುಕೊಂಡು ಹೋಗಿ ಕಾಳಮ್ಮನ ಗುಡಿಯ ಗೋಡೆಗೆ ತೂಗುಹಾಕುತ್ತಾರೆ. ಅಲ್ಲಿಂದಾಚೆಗೆ ಆ ಮನೆಯಲ್ಲಿ ಬಡಿಗತನ ಇಲ್ಲ.

ಆ ಗೋಡೆಯ ಮೇಲೆ ತೂಗುವ ಉಳಿಗಳಿಗೆ ಹಿಡಿ ಇಲ್ಲ, ಬರೀ ಕಬ್ಬಿಣ. ಯಾಕೆಂದರೆ ನಮ್ಮಲ್ಲಿ ಮನೆಗೆ ಬರುವುದು ಮರ ಮಾತ್ರ, ಕಬ್ಬಿಣಕ್ಕೆ ಆ ಬುದ್ಧಿ ಇಲ್ಲ. ಊರಿನ ಬಡಿಗರೆಲ್ಲ ಉಳಿಯ ಹಿಡಿಯನ್ನು ಲೇತ್ ಅಂಗಡಿಯ ಮಕ್ತುಂಸಾಬನ ಹತ್ತಿರ ಮಾಡಿಸುತ್ತಾರೆ. ಉಳಿ ಗೋಡೆ ಏರಿದ ಮರುಸಂಜೆಯೇ ಹಿಡಿ ಕಬ್ಬಿಣದಿಂದ ಜಾರಿ ಬಿದ್ದು ಉರುಳಿಕೊಂಡು ಮಕ್ತುಂಸಾಬನ ಅಂಗಡಿ ಸೇರುತ್ತದೆ. ಅವನು ಅದನ್ನೇ ಇನ್ನಷ್ಟು ಸಣ್ಣಗೆ ಕಡೆದು ಮತ್ತೊಬ್ಬರ ಉಳಿಗೆ ಹಾಕಿ ಕೊಡುತ್ತಾನೆ. ಗುಡಿಗೆ ಹೋದಾಗಲೆಲ್ಲ ನಾನು ಆ ಬೋಳು ಕಬ್ಬಿಣಗಳ ಸಾಲಿನ ಕಡೆ ನೋಡದೆ ಕೈ ಮುಗಿದು ಬರುತ್ತಿದ್ದೆ.

ನನ್ನ ಹೆಸರು ಇಂದ್ರವ್ವ. ನನ್ನನ್ನು ಈ ಮನೆಗೆ ಕೊಡುವ ಮೊದಲು ನನ್ನಪ್ಪ ಗಂಡಿನ ಮುಖ ನೋಡಲಿಲ್ಲ, ಅಂಗಳ ನೋಡಿದ. ಬಡಿಗರ ಮನೆಗೆ ಹೆಣ್ಣು ಕೊಡುವವರ ಪದ್ಧತಿಯೇ ಅದು. ಸಂಜೆ ಬಂದು ಕಟ್ಟೆಯ ಮೇಲೆ ಕೂತು ಏನೇನು ವಾಪಸ್ಸು ಬರುತ್ತದೆ ಎಂದು ನೋಡುವುದು. ಅಪ್ಪ ದೀಪ ಹಚ್ಚುವ ತನಕ ಕೂತನಂತೆ. ಬಂದದ್ದು ಒಂದೇ, ನನ್ನ ಮಾವನ ತಾತ ಮಾಡಿದ ತೊಟ್ಟಿಲು. ಇದ್ದ ಮನೆಯಲ್ಲಿ ಇನ್ನು ತೂಗಲು ಕೂಸುಗಳಿಲ್ಲ ಎಂದು ಬಂದಿತ್ತೇ ಹೊರತು ಅದರ ಒಂದು ಬೆಣೆಯೂ ಸಡಿಲವಾಗಿರಲಿಲ್ಲ. ಅದು ನಡೆದು ಬಂದ ಗತ್ತು ನೋಡಿಯೇ ಅಪ್ಪ ವೀಳ್ಯ ಬದಲಾಯಿಸಿದ. ಗಂಡನ ಮುಖವನ್ನು ನಾನು ಮದುವೆಯ ದಿನ ನೋಡಿದೆ. ನೋಡುವ ಹಾಗೆಯೇ ಇತ್ತು, ದೂರೇನಿಲ್ಲ.

ಮಾವನ ಹೆಸರು ಮೌನಪ್ಪ. ಹೆಸರಿಗೂ ಮನುಷ್ಯನಿಗೂ ಏನೇನೂ ಸಂಬಂಧವಿರಲಿಲ್ಲ. ಬೆಳಗಿನಿಂದ ಸಂಜೆತನಕ ಕೊಡತಿಯ ಬಡಿತದ ಜೊತೆ ಬಾಯಿಯೂ ನಡೆಯುತ್ತಿತ್ತು. ಮರಕ್ಕೆ ಬೈಯುವುದು, ಗರಗಸಕ್ಕೆ ಬೈಯುವುದು, ಮಗನಿಗೆ ಬೈಯುವುದು. ಸೊಸೆಯಾದ ನನಗೆ ಬೈಯಲು ಮೊದಮೊದಲು ಸಂಕೋಚಪಟ್ಟ. ನಾನು ಅಡಿಗೆ ಮುಗಿಸಿ ಸೆರಗು ಸಿಕ್ಕಿಸಿಕೊಂಡು ಬಂದು ಕುರ್ಚಿಗೆ ಬೆತ್ತ ಹೆಣೆಯಲು ಕೂತು, ಆಮೇಲೆ ಮರ ಕೆತ್ತುವ ಬಾಚಿ ಹಿಡಿದು, ಆಮೇಲೆ ಅವನ ಕೈಯಿಂದಲೇ ಉಳಿ ಕಿತ್ತುಕೊಂಡ ಮೇಲೆ ನನಗೂ ಬೈಯತೊಡಗಿದ. ಅವತ್ತು ನಾನೂ ಬಡಿಗರಲ್ಲಿ ಒಬ್ಬಳಾದೆ ಎಂದುಕೊಂಡೆ. ನನಗೆ ಆ ಕೆಲಸ ಎಷ್ಟು ಹಿಡಿಸಿತ್ತೆಂದರೆ, ತವರಿಗೆ ಹೋದರೆ ಎರಡನೆಯ ದಿನವೇ ಕೈ ತುರಿಸಲು ಶುರುವಾಗುತ್ತಿತ್ತು.

ಮಾವನಿಗೆ ಕಣ್ಣು ಮಂಜಾಗುತ್ತ ಬಂದ ವರ್ಷ ಮನೆಯ ದೊಡ್ಡ ಉಳಿಯ ಹಿಡಿ ಸೀಳಿತು. ಅವನು ನನ್ನನ್ನೂ ನನ್ನ ಗಂಡ ಕಾಳಪ್ಪನನ್ನೂ ಕರೆದು, ಇಬ್ಬರೂ ಒಂದೊಂದು ಹಿಡಿ ಮಾಡಿ, ಯಾರದು ಕೂರುತ್ತದೋ ಉಳಿ ಅವರದು ಎಂದ. ಕಾಳಪ್ಪ ನಕ್ಕು, ಮಕ್ತುಂಸಾಬನ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ ಎಂದು ಎದ್ದು ಹೋದ. ನಾನು ಜಾಲಿಯ ತುಂಡು ಹಿಡಿದು ಕೂತೆ. ಉಳಿಯ ಬಾಲವನ್ನು ಕೆಂಪಗೆ ಕಾಯಿಸಿ ಮರದೊಳಗೆ ಇಳಿಸಬೇಕು, ಮರ ಸುಟ್ಟು ತಾನೇ ಜಾಗ ಬಿಟ್ಟುಕೊಟ್ಟು ತಾನೇ ಹಿಡಿದುಕೊಳ್ಳಬೇಕು. ಅಂಟು ಇಲ್ಲ, ಮೊಳೆ ಇಲ್ಲ. ನಾನು ಮಾಡಿದ್ದನ್ನೆಲ್ಲ ಮಾವ ಕೊಡಪಾನದ ನೀರಿನಲ್ಲಿ ನೆನೆಹಾಕಿ, ಬಿಸಿಲಿಗೆ ಒಣಗಿಸಿ, ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದ. ಕೂದಲೆಳೆಯಷ್ಟು ಅಲುಗಿದರೂ ಒಲೆಯ ಕಡೆ ಎಸೆಯುತ್ತಿದ್ದ. ಸಿಟ್ಟಿಗೆ ಅತ್ತಿದ್ದೇನೆ, ಮುದುಕನಿಗೆ ಮನಸ್ಸಿನಲ್ಲೇ ಶಾಪ ಹಾಕಿದ್ದೇನೆ. ಕೊನೆಗೆ ಒಂದನ್ನು ಅಲುಗಿಸಿ, ಮತ್ತೆ ಅಲುಗಿಸಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟ. ನಾನು ಅಂಗೈಗೆ ಎಣ್ಣೆ ಹಚ್ಚಿಕೊಂಡು ಆ ಹಿಡಿಗೆ ಒತ್ತಿದೆ. ಅವತ್ತು ಊಟದ ತನಕ ಅವನ ಬಾಯಿಂದ ಮಾತೇ ಬರಲಿಲ್ಲ. ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಆಮೇಲೂ ಕೇಳಿಲ್ಲ.

ಕಾಳಪ್ಪ ಕೆಟ್ಟವನಲ್ಲ. ಅವಸರದವನು. ಊರಿನ ಹೊಸ ಬೀದಿಯಲ್ಲಿ ಛತ್ರ ಎದ್ದಿತು, ಖಾನಾವಳಿ ಎದ್ದಿತು, ಬಾಲವಾಡಿ ಎದ್ದಿತು. ಎಲ್ಲರಿಗೂ ಕುರ್ಚಿ ಬೇಕು, ಎಲ್ಲರಿಗೂ ಬರುವ ವಾರವೇ ಬೇಕು. ಇವನು ಎಲ್ಲರಿಗೂ ಹೂಂ ಅಂದ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ ಹಲಗೆ ಗಾಡಿಗಟ್ಟಲೆ ಬಂದು ಬಿತ್ತು. ಅದಕ್ಕೆ ಉಳಿಯೇ ಬೇಡ. ಅಳತೆಗೆ ಕೊಯ್ಯುವುದು, ಅಂಟು ಬಳಿಯುವುದು, ಮೊಳೆ ಹೊಡೆಯುವುದು, ಬಣ್ಣ ಹಚ್ಚುವುದು. ನನ್ನ ದೊಡ್ಡ ಉಳಿ ಗೂಟಕ್ಕೆ ನೇತುಬಿದ್ದು ಜೇಡ ಬಲೆ ಕಟ್ಟಿತು. ಮನೆಗೆ ಹೊಸ ಹೆಂಚು ಬಂತು, ನನ್ನ ಕಿವಿಗೆ ಹೊಸ ಓಲೆ ಬಂತು. ಸುಳ್ಳು ಹೇಳುವುದಿಲ್ಲ, ಓಲೆ ಹಾಕಿಕೊಂಡು ಎರಡು ಮದುವೆಗೆ ಹೋಗಿ ಮೆರೆದು ಬಂದೆ.

ಎರಡನೆಯ ಮದುವೆಯಲ್ಲೇ ಆ ಛತ್ರದ ಕುರ್ಚಿಯೊಂದು ಗಂಡಿನ ಸೋದರಮಾವನನ್ನು ಹೋಳಿಗೆಯ ಸಮೇತ ನೆಲಕ್ಕೆ ಹಾಕಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆ ನೋಡಿದರೆ ಅದೇ ಕುರ್ಚಿ ಮೂರು ಕಾಲಲ್ಲಿ ಕುಂಟುತ್ತ, ನಾಲ್ಕನೆಯ ಕಾಲನ್ನು ಎಳೆದುಕೊಂಡು ನಮ್ಮ ಅಂಗಳಕ್ಕೆ ಬಂತು. ಆಮೇಲೆ ದಿನಾ ಬರತೊಡಗಿದವು. ನೀರು ತಾಗಿ ಉಬ್ಬಿದ ಮೇಜು, ಬೆನ್ನು ಕಳಚಿದ ಬೆಂಚು, ಬಾಗಿಲು ಜೋತಾಡುವ ಕಪಾಟು. ಕಟ್ಟೆಯ ಮೇಲೆ ಕೂತ ಮಾವ ಒಂದೊಂದರ ಮೈ ಸವರಿ ನೋಡಿ, ಇದಕ್ಕೆ ಜಡ್ಡು ಬಂದದ್ದಲ್ಲ, ಹುಟ್ಟಿದ್ದೇ ಜಡ್ಡಿನಲ್ಲಿ ಎನ್ನುತ್ತಿದ್ದ. ಅಂಗಳದ ಬೇವಿನ ಮರದ ಆಚೆಗಿದ್ದ ಗುಂಪು ಬೇವು ದಾಟಿತು, ತುಳಸಿಕಟ್ಟೆ ದಾಟಿತು. ಊರಿನ ಕಟ್ಟಳೆ ನೋಡಿಕೊಳ್ಳುವ ದೈವದ ಹಿರಿಯ ಕುಬೇರಪ್ಪ ದಿನಾ ಸಂಜೆ ಬಡಿಗರ ಓಣಿಯಲ್ಲಿ ಒಂದು ಸುತ್ತು ಬರುತ್ತಾನೆ, ಯಾರ ಅಂಗಳ ಎಲ್ಲಿಗೆ ಬಂತು ಎಂದು ನೋಡಲು. ನಮ್ಮ ಮನೆಯ ಮುಂದೆ ಅವನ ನಡಿಗೆ ನಿಧಾನವಾಗತೊಡಗಿತು.

ಒಂದು ದಿನ ಬಂದ ಬೆಂಚು ಹೊಸ್ತಿಲಿಂದ ಒಂದು ಗೇಣು ದೂರದಲ್ಲಿ ನಿಂತಿತು. ನಾನು ಕೈ ಇಟ್ಟು ಅಳೆದೆ. ಎದ್ದವಳೇ ಗೂಟದ ಮೇಲಿನ ಉಳಿಗೆ ಕಟ್ಟಿದ್ದ ಬಲೆ ಒರೆಸಿ, ಓಲೆ ಬಿಚ್ಚಿಟ್ಟು, ಇವತ್ತಿನಿಂದ ಈ ಮನೆಗೆ ಪುಡಿ ಹಲಗೆ ಬರಕೂಡದು ಎಂದೆ. ಹೊಸ ಮರವೂ ಬೇಡ. ಅಂಗಳದಲ್ಲಿ ಇರುವುದು ಮುಗಿಯುವ ತನಕ ಅದರಲ್ಲೇ ಮಾಡುವುದು. ಕಾಳಪ್ಪ ವಾದ ಮಾಡಿದ, ಮುನಿಸಿಕೊಂಡ, ಊಟ ಬಿಟ್ಟ. ನಾನು ಬಿಡಲಿಲ್ಲ. ಅವನ ಮುಖದಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು, ನನಗೆ ಆಗ ಹೊಳೆಯಲಿಲ್ಲ.

ಹೊಸ ಪದ್ಧತಿ ಜನಕ್ಕೆ ಒಗ್ಗಲು ಹೊತ್ತು ಹಿಡಿಯಿತು. ಯಾರು ಏನು ಕೇಳಿಕೊಂಡು ಬಂದರೂ ನಾನು ಮೊದಲು ಯಾತಕ್ಕೆ ಎಂದು ಕೇಳುತ್ತಿದ್ದೆ. ಅಂಗಡಿಯವಳಿಗೆ ಅದೆಲ್ಲ ಯಾತಕ್ಕೆ ಎಂದು ಬೈಸಿಕೊಂಡದ್ದೂ ಇದೆ. ಎಣ್ಣೆ ವ್ಯಾಪಾರದ ಸುಭದ್ರಕ್ಕ ದೊಡ್ಡ ಕಪಾಟು ಬೇಕೆಂದು ಬಂದಳು. ಒಳಗೆ ಇಡುವುದೇನು ಎಂದೆ. ಉಡದ ಸೀರೆಗಳು ಎಂದಳು. ಉಡದ ಸೀರೆಗೆ ಕಪಾಟು ಮಾಡಿದರೆ ಅದು ನಾಳೆ ಮುನಿಸಿಕೊಂಡು ನನ್ನ ಅಂಗಳಕ್ಕೇ ಬರುತ್ತದೆ, ಮೊದಲು ಸೀರೆ ಉಡು ಎಂದು ಕಳಿಸಿದೆ. ತಿಂಗಳು ಮಾತು ಬಿಟ್ಟಳು. ಆಮೇಲೆ ನವಿಲು ಬಣ್ಣದ ಸೀರೆ ಉಟ್ಟುಕೊಂಡು ಬಂದು, ನನಗೆ ಬೇಕಾದದ್ದು ಕಿಟಕಿಯ ಹತ್ತಿರ ಕೂರಲು ಒಂದು ಮೋಡಾ ಎಂದಳು. ಅದನ್ನು ಒಂದು ಮುದಿ ಮಂಚದ ಕಾಲುಗಳಿಂದ ಮಾಡಿಕೊಟ್ಟೆ. ಶಾಲೆಗೆ ಬೆಂಚು ಕೊಟ್ಟಾಗ ಒಂದು ಕಾಲು ಮತ್ತಿಯದು, ಒಂದು ಬೇವಿನದು, ಒಂದು ಹಲಸಿನದು, ಹಲಗೆ ಯಾವುದೋ ಹಳೇ ಬಾಗಿಲಿನದು. ಹೆಡ್ ಮಾಸ್ತರರು ಹುಬ್ಬು ಗಂಟಿಕ್ಕಿದರು. ಮಕ್ಕಳು ಹಳದಿ ಕಾಲಿನದು ನನಗೆ ಎಂದು ಕಿತ್ತಾಡಿಕೊಂಡರು.

ಕೊಟ್ಟದ್ದನ್ನು ವರ್ಷಕ್ಕೊಮ್ಮೆ, ಬಿಸಿಲು ಏರುವ ಮುಂಚೆ, ನನ್ನ ಹತ್ತಿರ ತಂದು ತೋರಿಸಬೇಕು ಎಂದು ಮಾತು ತೆಗೆದುಕೊಳ್ಳುತ್ತಿದ್ದೆ. ಬೆಣೆ ಬಿಗಿ ಮಾಡಿ, ಎಣ್ಣೆ ಕುಡಿಸಿ ಕಳಿಸುವುದು. ಹೊಸ ಬೀದಿಯ ಕೆಲಸ ಹೋಯಿತು, ಹೆಂಚಿನ ಮಾಡು ಒಂದು ಕಡೆ ಸೋರಿತು, ಸಾರಿನಲ್ಲಿ ಬೇಳೆ ಕಮ್ಮಿಯಾಯಿತು. ಆದರೆ ಒಮ್ಮೆ ಮನೆಗೆ ಬಂದು ಮತ್ತೆ ಹೋದ ಮರಕ್ಕೆ ಒಂದು ತಾಳ್ಮೆ ಬಂದಿರುತ್ತದೆ, ಅದು ಸುಲಭಕ್ಕೆ ಎದ್ದು ಬರುವುದಿಲ್ಲ. ಜನ ಅದನ್ನು ಗಮನಿಸಿದರು. ಅಂಗಳದ ಗುಂಪು ಹೊಸ್ತಿಲಿಂದ ಹಿಂದೆ ಸರಿಯಿತು, ತುಳಸಿಕಟ್ಟೆಯ ಸುತ್ತ ರಂಗೋಲಿ ಬಿಡಿಸುವಷ್ಟು ಜಾಗವಾಯಿತು, ಬೇವಿನ ನೆರಳು ಮತ್ತೆ ನೆಲಕ್ಕೆ ಬಿತ್ತು. ಕುಬೇರಪ್ಪ ನಮ್ಮ ಮನೆ ಮುಂದೆ ನಿಲ್ಲದೆ ಹೋಗತೊಡಗಿದ. ನನ್ನ ಉಳಿ ನನ್ನ ಕೈಯಲ್ಲೇ ಉಳಿಯಿತು ಎಂದು ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆ ಹೊತ್ತಿನಲ್ಲೇ ಊರಿನಲ್ಲಿ ಇನ್ನೊಂದು ವಿಷಯ ನಡೆದಿತ್ತು. ದಿಕ್ಕಿಲ್ಲದ ಕುರ್ಚಿಗಳು ತಿರುಗಾಡುತ್ತಿದ್ದವು. ಸಂಜೆಯಾದರೆ ಎಲ್ಲಿಂದಲೋ ಹೊರಟು ಬಾವಿಕಟ್ಟೆಯ ಹತ್ತಿರ ನಾಲ್ಕು ದಾರಿ ಕೂಡುವಲ್ಲಿ ಬಂದು ನಿಲ್ಲುವುವು. ಒಂದು ದಾರಿಯಲ್ಲಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬರುವುವು, ಇನ್ನೊಂದು ದಾರಿ ಹಿಡಿಯುವುವು, ಮತ್ತೆ ಬರುವುವು. ಇಂಥದ್ದನ್ನು ನಮ್ಮೂರು ಕಂಡಿರಲಿಲ್ಲ. ಜನ ಮೊದಲು ಹೆದರಿದರು, ಆಮೇಲೆ ಹೊಂದಿಕೊಂಡರು. ನೀರಿಗೆ ಬಂದ ಹೆಂಗಸರು ಅವುಗಳ ಮೇಲೆ ಕೂತು ಸರದಿ ಕಾದರು. ಹೂ ಮಾರುವವಳು ಒಂದರ ಬೆನ್ನಿಗೆ ಬುಟ್ಟಿ ಸಿಕ್ಕಿಸಿದಳು. ಪೋಸ್ಟ್ ಮಾಸ್ತರರ ಹಿಂದೆ ಒಂದು ಸ್ಟೂಲು ಗಂಟುಬಿದ್ದು, ಅವರು ನಿಂತಲ್ಲಿ ನಿಂತು, ನಡೆದಲ್ಲಿ ನಡೆದು, ಕೊನೆಗೆ ಅವರ ಮನೆಯ ಬಾಗಿಲು ಮುಚ್ಚಿದ ಮೇಲೆ ಹೊರಗೇ ನಿಂತಿತ್ತಂತೆ. ಮಳೆ ಬಂದರೆ ಎಲ್ಲವೂ ಅಂಗಡಿಗಳ ಸೂರಿನ ಕೆಳಗೆ ಒತ್ತಿಕೊಂಡು ನಿಲ್ಲುತ್ತಿದ್ದವು. ಯಾರವು ಎಂದು ಊರೆಲ್ಲ ಕೇಳಿತು. ಹೊಸ ಬೀದಿಗೆ ಕುರ್ಚಿ ಕೊಟ್ಟ ಬಡಿಗರು ಹಲವರಿದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡಿಯಲ್ಲಿ ಅಂಗೈ ಗುರುತೇ ಇರಲಿಲ್ಲ.

ಅವುಗಳಲ್ಲಿ ಒಂದು ಪುಟ್ಟ ನೀಲಿ ಸ್ಟೂಲು, ಬಾಲವಾಡಿಯದು. ಅದು ದಿನಾ ನಮ್ಮ ಓಣಿಯ ಬಾಯಿಯ ತನಕ ಬಂದು ನಿಲ್ಲುತ್ತಿತ್ತು. ಒಳಗೆ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ನಮ್ಮ ಮನೆಯ ಕಡೆ ನೋಡುವ ಹಾಗೆ ನಿಂತು ಹಿಂದಿರುಗುತ್ತಿತ್ತು. ಒಂದು ದಿನ ತಡೆಯಲಾರದೆ ಹೋಗಿ ಅದನ್ನು ತಲೆಕೆಳಗು ಮಾಡಿ ನೋಡಿದೆ. ಗುರುತಿಲ್ಲ. ಆದರೆ ಮೊಳೆಗಳೆಲ್ಲ ಎಡಕ್ಕೆ ಓರೆಯಾಗಿ ಕೂತಿದ್ದವು. ಈ ಊರಿನಲ್ಲಿ ಎಡಕ್ಕೆ ಓರೆ ಮೊಳೆ ಹೊಡೆಯುವವನು ಒಬ್ಬನೇ, ಅವನ ಪಕ್ಕದಲ್ಲಿ ನಾನು ಇಷ್ಟು ವರ್ಷ ಕೂತು ಊಟ ಮಾಡಿದ್ದೇನೆ. ಸ್ಟೂಲನ್ನು ಮೆಲ್ಲಗೆ ನೆಲಕ್ಕಿಟ್ಟೆ.

ಮನೆಗೆ ಬಂದು ಕೇಳಿದೆ. ಕಾಳಪ್ಪ ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ಅವನು ದೊಡ್ಡವನು. ಗುಂಪು ತುಳಸಿಕಟ್ಟೆ ದಾಟಿದಾಗ ಅವನಿಗೆ ದಿಗಿಲಾಗಿತ್ತಂತೆ. ಕೊನೆಕೊನೆಯ ಗಾಡಿಗಳಲ್ಲಿ ಹೋದದ್ದಕ್ಕೆ ಅಂಗೈ ಒತ್ತಲೇ ಇಲ್ಲವಂತೆ. ಗುರುತಿಲ್ಲದಿದ್ದರೆ ಇದ್ದಲ್ಲೇ ಇರುತ್ತವೆ ಎಂದುಕೊಂಡಿದ್ದನಂತೆ, ಹೀಗೆ ಬೀದಿಗೆ ಬೀಳುತ್ತವೆ ಎಂದು ಗೊತ್ತಿರಲಿಲ್ಲವಂತೆ.

"ನಿನ್ನ ಕೈಯಾಗಿಂದ ಉಳಿ ಹೋಗಬಾರದು ಅಂತ ಮಾಡೇನಿ," ಎಂದ. "ಯಾರಿಗೂ ಗೊತ್ತಿಲ್ಲ ಅವು ನಮ್ಮವು ಅಂತ. ನೀ ಸುಮ್ಮನಿದ್ರ ಆತು."

"ನಿಮಗ ಗೊತ್ತದ ಅಲ್ರಿ," ಎಂದೆ. 

ಆಮೇಲೆ ನಾನೂ ಸುಮ್ಮನೇ ಇದ್ದೆ. ಬಾವಿಗೆ ಬೇರೆ ದಾರಿಯಿಂದ ಹೋದೆ. ಅಂಗಳ ಈಗಷ್ಟೇ ಉಸಿರಾಡುತ್ತಿದೆ, ಒಳ್ಳೆಯ ಕೆಲಸ ಈಗಷ್ಟೇ ಬೇರು ಬಿಟ್ಟಿದೆ, ಅಷ್ಟನ್ನೂ ಕರೆದರೆ ಹೊಸ್ತಿಲು ಮುಟ್ಟುವುದು ಖಂಡಿತ. ಉಳಿ ಹೋದರೆ ನಾನು ಯಾರು? ಬರೀ ಇಂದ್ರವ್ವ, ರೊಟ್ಟಿ ಬಡಿಯುವವಳು. ಯಾತಕ್ಕೆ ಎಂದು ಊರಿನವರನ್ನೆಲ್ಲ ಕೇಳಿದವಳು ನಾನು. ಈಗ ಕುರ್ಚಿ ಕೇಳಿ ಬಂದವರನ್ನು ಅಳತೆ ಮಾತ್ರ ಕೇಳಿ ಕಳಿಸುತ್ತಿದ್ದೆ. ಸುಭದ್ರಕ್ಕ ಮೋಡಾಕ್ಕೆ ಎಣ್ಣೆ ಹಾಕಿಸಲು ಬಂದು, ನಿನ್ನಂಥ ಕೈ ಊರಲ್ಲಿ ಇನ್ನೊಂದಿಲ್ಲ ಬಿಡು ಎಂದಾಗ ನನಗೆ ಅಳುವೇ ಬಂತು. ಯಾಕೆಂದು ಕೇಳಿದಳು, ಕಣ್ಣಿಗೆ ಮರದ ಹೊಟ್ಟು ಬಿತ್ತು ಎಂದೆ.

ಮಾವನಿಗೆ ಎಲ್ಲ ಗೊತ್ತಾಗಿತ್ತು. ಕಣ್ಣು ಹೋದ ಮೇಲೆ ಅವನ ಕಿವಿ ಓಣಿಯ ತುದಿಯ ತನಕ ಹೋಗುತ್ತಿತ್ತು. ಒಂದು ಸಂಜೆ ನಾನು ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತಿದ್ದಾಗ ತಾನಾಗಿಯೇ ಹೇಳಿದ.

"ಇಂದ್ರವ್ವ, ಆ ಸಣ್ಣದು ಇವತ್ತೂ ಬಂದು ನಿಂತದ ನೋಡು. ಮುರಿದೀವಿ ಅಂತ ಬರೂದಿಲ್ಲ ಇವು. ಇನ್ನೂ ಏನರ ಕೆಲಸ ಉಳದದ ಅಂತ ಬರ್ತಾವ."

ನಾನು ಸೊಪ್ಪಿನ ಮೊರ ಕೆಳಗಿಟ್ಟು ಎದ್ದೆ. ಅಂಗೈಗೆ ಎಣ್ಣೆ ಸುರಿದುಕೊಂಡು ಓಣಿಯ ಬಾಯಿಗೆ ಹೋಗಿ ಸ್ಟೂಲಿನ ಅಡಿಗೆ ಒತ್ತಿದೆ. ಕರೆದೆ. ಅದು ಕದಲಲಿಲ್ಲ. ಮತ್ತೆ ಒತ್ತಿದೆ, ಮನೆಯ ಕಡೆ ನಾಲ್ಕು ಹೆಜ್ಜೆ ನಡೆದು ತೋರಿಸಿದೆ. ಇದ್ದಲ್ಲೇ ಇತ್ತು. ನನ್ನ ಕೈ ಅದಕ್ಕೆ ಬೇಕಿರಲಿಲ್ಲ. ಮಾಡಿದ ಕೈ ಬೇಕಿತ್ತು.

ಹಿಂದಿರುಗಿ ಬಂದು ಕಾಳಪ್ಪನ ಮುಂದೆ ಕೂತೆ. ಬೈಯಬೇಕು ಎಂದೇ ಬಂದಿದ್ದೆ, ಬೈಗುಳವೆಲ್ಲ ದಾರಿಯಲ್ಲೇ ಉದುರಿಹೋಗಿತ್ತು. ನನ್ನ ಕೈ ಒಲ್ಲವಂತೆ, ನಿಮ್ಮದೇ ಬೇಕಂತೆ ಎಂದಷ್ಟೇ ಹೇಳಿದೆ. ಅವನು ನನ್ನ ಎಣ್ಣೆ ಕೈಯನ್ನು ನೋಡಿದ, ಗೂಟದ ಮೇಲಿನ ಉಳಿಯನ್ನು ನೋಡಿದ.

"ಉಳಿ ಹೋಗ್ತದಲ್ಲ, ಇಂದ್ರಾ," ಎಂದ.

"ಹೋಗ್ಲಿ," ಎಂದೆ. ಹಾಗೆಂದವಳೇ ಎಣ್ಣೆಯ ಬಟ್ಟಲು ತಂದು ಅವನ ಮುಂದೆ ಇಟ್ಟೆ.

ಮರುದಿನ ದನಗಳ ಧೂಳು ಇಳಿಯುವ ಮುಂಚೆ ನಾವಿಬ್ಬರೂ ಬಾವಿಕಟ್ಟೆಗೆ ಹೋದೆವು. ನಾನು ಎಣ್ಣೆಯ ಬಟ್ಟಲು ಹಿಡಿದಿದ್ದೆ. ನೀರಿಗೆ ಬಂದವರು ಕೊಡ ಕೆಳಗಿಟ್ಟು ನಿಂತರು, ಅಂಗಡಿಯವರು ಮೆಟ್ಟಿಲಿಗೆ ಬಂದರು, ಉಳಿದ ಬಡಿಗರೂ ಇದ್ದರು. ಕಾಳಪ್ಪ ಯಾರ ಮುಖವನ್ನೂ ನೋಡಲಿಲ್ಲ. ಮೊದಲ ಕುರ್ಚಿಯ ಮುಂದೆ ಮಂಡಿಯೂರಿ ಕೂತು, ಅಂಗೈಗೆ ಎಣ್ಣೆ ಹಚ್ಚಿಕೊಂಡು ಅಡಿಗೆ ಒತ್ತಿದ. ಆ ಕುರ್ಚಿ ಒಮ್ಮೆ ಮೈ ಕೊಡವಿಕೊಂಡು, ಇಷ್ಟು ದಿನ ತಿರುಗಿ ತಿರುಗಿ ನೋಡುತ್ತಿದ್ದ ನಾಲ್ಕು ದಾರಿಗಳಲ್ಲಿ ನಮ್ಮ ಓಣಿಯ ದಾರಿ ಹಿಡಿದು ಹೊರಟಿತು.  ಅವನು ಎರಡನೆಯದಕ್ಕೆ ಹೋದ, ಮೂರನೆಯದಕ್ಕೆ ಹೋದ. ಅವನ ಪಂಚೆ ಮಂಡಿಯ ಹತ್ತಿರ ಕೆಸರಾಯಿತು. ಹೂವಿನವಳು ತಾನಾಗಿಯೇ ಬುಟ್ಟಿ ತೆಗೆದಳು. ಪೋಸ್ಟ್ ಮಾಸ್ತರರು ತಮ್ಮ ಹಿಂದೆ ಬರುತ್ತಿದ್ದ ಸ್ಟೂಲನ್ನು ಎತ್ತಿಕೊಂಡು ಬಂದು ಅವನ ಮುಂದೆ ಇಟ್ಟರು. ಅವನು ಅಳುತ್ತಿದ್ದನೋ ಬೆವರುತ್ತಿದ್ದನೋ ನನಗೆ ತಿಳಿಯಲಿಲ್ಲ. ಮದುವೆಯ ದಿನ ನೋಡಿದ ಮುಖವನ್ನು ಇಷ್ಟು ವರ್ಷಗಳ ಮೇಲೆ ಮತ್ತೊಮ್ಮೆ ನೋಡಿದ ಹಾಗಾಯಿತು.

ಅವು ಸಾಲಾಗಿ ನಡೆದವು, ನಾವು ಹಿಂದೆ ನಡೆದೆವು. ಕೆಂಪು ಬೆಳಕು, ಧೂಳು, ಎಷ್ಟೊಂದು ಮರದ ಕಾಲುಗಳ ಸದ್ದು. ಮಾವ ಕಟ್ಟೆಯಿಂದ ಎದ್ದು ನಿಂತಿದ್ದ. ಬೇವಿನ ನೆರಳು ತುಂಬಿತು, ತುಳಸಿಕಟ್ಟೆಯ ಸುತ್ತ ತುಂಬಿತು, ನಾನು ಬೆಳಿಗ್ಗೆ ಹಾಕಿದ ರಂಗೋಲಿಯ ಮೇಲೆ ಮೇಜೊಂದು ನಿಂತಿತು. ಕೊನೆಗೆ ಓಣಿಯ ಬಾಯಿಯಲ್ಲಿ ಕಾದಿದ್ದ ನೀಲಿ ಸ್ಟೂಲು. ಕಾಳಪ್ಪ ಅದಕ್ಕೂ ಅಂಗೈ ಒತ್ತಿದ. ಅದು ಕುರ್ಚಿಗಳ ಕಾಲುಗಳ ನಡುವೆ ನುಸುಳಿಕೊಂಡು, ಎಲ್ಲರನ್ನೂ ದಾಟಿ, ನೇರ ಬಂದು ಹೊಸ್ತಿಲಿಗೆ ಒರಗಿಕೊಂಡಿತು. ಅಷ್ಟು ಸಣ್ಣದು, ಅದಕ್ಕೇನು ಗೊತ್ತು.

ಕುಬೇರಪ್ಪ ಅಂಗಳದ ಅಂಚಿನಲ್ಲಿ ನಿಂತು ಎಲ್ಲ ನೋಡಿದ್ದ. ಒಳ್ಳೆಯ ಮನುಷ್ಯ, ನನ್ನ ಮುಖ ನೋಡದೆ ಹೊಸ್ತಿಲ ಕಡೆ ಕೈ ತೋರಿಸಿದ. "ಮುಟ್ಟೇದವ್ವಾ," ಎಂದ. "ಉಳಿ ಕೊಡು." ನಾನು ಒಳಗೆ ಹೋಗಿ ಗೂಟದಿಂದ ಉಳಿ ತೆಗೆದೆ. ಕಬ್ಬಿಣ ಮಾವನ ತಾತನದು, ಹಿಡಿ ನನ್ನದು. ನನ್ನ ಬೆರಳಿನ ತಗ್ಗುಗಳು ಅದರ ಮೇಲೆ ಬಿದ್ದಿದ್ದವು. ಸೆರಗಿನಿಂದ ಒರೆಸಿ ಅವನ ಎರಡೂ ಕೈಗೆ ಕೊಟ್ಟೆ. ಅವನು ತಿರುಗಿ ಹೋಗುವ ತನಕ ನೆಟ್ಟಗೆ ನಿಂತಿದ್ದೆ. ಆಮೇಲೆ ಅಡಿಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮರುದಿನ ಕೈಗೆ ಏನು ಕೆಲಸ ಕೊಡಬೇಕೋ ತಿಳಿಯಲಿಲ್ಲ. ಪಾತ್ರೆಗಳನ್ನು ಎರಡೆರಡು ಸಲ ಬೆಳಗಿದೆ. ಕಾಳಪ್ಪ ಅಂಗಳದ ಕುರ್ಚಿಗಳ ನಡುವೆ ದಾರಿ ಮಾಡಿ ನೀರು ತಂದಿಟ್ಟ, ನಾನು ಕೇಳದೆಯೇ ಒಲೆಗೆ ಸೌದೆ ಒಡೆದ. ಇಬ್ಬರ ನಡುವೆ ಮುನಿಸು ಇರಲಿಲ್ಲ. ಇನ್ನು ಹೊಟ್ಟೆಪಾಡಿಗೆ ಏನು ಎಂದು ಅವನು ಕೇಳಿದ. ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಸಂಜೆ ಮಾವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತೆವು. ದನಗಳು ಬಂದವು. ಧೂಳು ಎದ್ದು ಇಳಿಯಿತು. ಇವತ್ತು ನಮ್ಮ ಮನೆಗೆ ಬರುವುದು ಏನೂ ಉಳಿದಿಲ್ಲ ಎಂದುಕೊಂಡೆ.

ಮಾವ ಕತ್ತು ಓರೆ ಮಾಡಿದ. ಎಂದೂ ಮಾತು ನಿಲ್ಲಿಸದವನು ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿದ.

ಸ್ವಲ್ಪ ಹೊತ್ತಿಗೆ ನನಗೂ ಕೇಳಿಸಿತು. ಓಣಿಯ ಕಲ್ಲಿನ ಮೇಲೆ ಒಂದು ಸದ್ದು, ಮರದ್ದೂ ಹೌದು, ಕಬ್ಬಿಣದ್ದೂ ಹೌದು. ಉರುಳುವುದು, ಟಣ್ ಎನ್ನುವುದು, ನಿಲ್ಲುವುದು, ಮತ್ತೆ ಉರುಳುವುದು. ನಾಯಿಗಳು ಬೊಗಳಿದವು. ಜಾಲಿಯ ಹಿಡಿ ಮುಂದೆ, ಅದನ್ನು ಬಿಡದೆ ಕಚ್ಚಿಕೊಂಡಿದ್ದ ಕಬ್ಬಿಣ ಹಿಂದೆ. ಗುಡಿಯಿಂದ ಇಲ್ಲಿಯ ತನಕ ಅಷ್ಟು ಭಾರ ಎಳೆದು ಎಳೆದು ಹಿಡಿಯ ತುದಿ ತೇಯ್ದುಹೋಗಿತ್ತು. ಅಂಗಳಕ್ಕೆ ಬಂದಾಗ ಕುರ್ಚಿಗಳು ಕಾಲು ಸರಿಸಿ ದಾರಿ ಬಿಟ್ಟವು. ಅದು ಬಂದು ನೀಲಿ ಸ್ಟೂಲಿನ ಪಕ್ಕ, ಹೊಸ್ತಿಲ ಮುಂದೆ, ನನ್ನ ಕಾಲಿಗೆ ತಾಗಿ ನಿಂತಿತು.

ಮಾವ ಕೈ ಚಾಚಿದ. ಎತ್ತಿ ಕೊಟ್ಟೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದ, ಮತ್ತೆ ಅಲುಗಿಸಿದ. ಏನೂ ಹೇಳದೆ ನನ್ನ ಕೈಗೆ ಕೊಟ್ಟ.

ಉಳಿಯ ಹಿಂದೆ ಕುಬೇರಪ್ಪನೂ ಬಂದಿದ್ದ. ಗುಡಿಯಿಂದ ಅದರ ಜೊತೆಗೇ ನಡೆದು ಬಂದು ಏದುಸಿರು ಬಿಡುತ್ತಿದ್ದ. ಅವನ ತಲೆಯಲ್ಲಿ ಊರಿನ ಎರಡು ಕಟ್ಟಳೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಹೊಸ್ತಿಲು ಮುಟ್ಟಿದರೆ ಉಳಿ ಹೋಗಬೇಕು. ಮನೆಗೆ ಬಂದದ್ದನ್ನು ಹಿಂದಕ್ಕೆ ಅಟ್ಟುವ ಹಾಗಿಲ್ಲ. ನಾನು ಉಳಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಕೇಳಿದರೆ ಈ ಸಲ ಕೊಡುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಅವನು ಹತ್ತಿರದ ಒಂದು ಕುರ್ಚಿ ಎಳೆದುಕೊಂಡು ಕೂತ. ಕುರ್ಚಿ ಒಂದು ಪಕ್ಕಕ್ಕೆ ವಾಲಿತು. ಅವನು ಬಿದ್ದೇಬಿಡುತ್ತಾನೆ ಎಂದು ಕಾಳಪ್ಪ ಓಡಿಹೋಗಿ ಹಿಡಿದುಕೊಂಡ.

ಕುಬೇರಪ್ಪ ಎದ್ದು ನಿಂತು, ಪಂಚೆ ಕೊಡವಿಕೊಂಡು, ಆ ಕುರ್ಚಿಯನ್ನು ಎತ್ತಿ ತಂದು ನನ್ನ ಮುಂದೆ ಇಟ್ಟ.

"ಇದರ ಕಾಲು ಅಲಗಾಡ್ತದ," ಎಂದ. "ಮೊದಲ ಇದನ್ನ ಮಾಡು."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಕುರ್ಚಿಯನ್ನು ತಲೆಕೆಳಗು ಮಾಡಿದೆ. ಕಾಳಪ್ಪ ಕೊಡತಿ ತಂದುಕೊಟ್ಟು, ಅಲುಗಾಡದ ಹಾಗೆ ಆ ಕಡೆಯಿಂದ ಹಿಡಿದುಕೊಂಡ.